ಕೂಡಿ ನೋಡಿದೆವೆಂಬ ಹಿರಿಮೆ

ನಡುವಯಸ್ಸು ದಾಟಿದವರು ನಾಲ್ಕು ಜನ ಒಂದೆಡೆ ಕುಳಿತರೆ ಸಾಕು, ಈಚೆಗೆ ಒಂದು ಮಾತು ತಪ್ಪದೆ ಬರುತ್ತದೆ: "ನಮ್ಮ ಕಾಲದಲ್ಲಿ ಬೀದಿಗೆಲ್ಲ ಒಂದೇ ಟಿ.ವಿ. ಎಲ್ಲರೂ ಕೂಡಿ ನೋಡುತ್ತಿದ್ದೆವು. ಈಗ ಮನೆಯಲ್ಲಿ ನಾಲ್ಕು ಜನ, ನಾಲ್ಕು ಫೋನು, ನಾಲ್ಕು ಮೂಲೆ." ಹೀಗೆಂದು ನಿಟ್ಟುಸಿರುಬಿಟ್ಟು, ಹತ್ತಿರದಲ್ಲಿ ಮೊಬೈಲು ಹಿಡಿದು ಕುಳಿತ ಮಗುವಿನ ಕಡೆ ಮರುಕದಿಂದ ನೋಡುತ್ತಾರೆ. ಆ ಮಗು ಪಾಪ, ಏನು ತಾನೇ ಹೇಳೀತು? ಅದು ಆ ಕಾಲವನ್ನು ಕಂಡದ್ದಲ್ಲ. ನಾನು ಕಂಡವನು. ಅದರ ಪರವಾಗಿ ನಾಲ್ಕು ಮಾತು ಹೇಳುವುದು ನ್ಯಾಯವೆಂದು ತೋರುತ್ತದೆ.

ಆ ದಿನಗಳಲ್ಲಿ ಸಂತೋಷವಿರಲಿಲ್ಲವೆಂದು ನನ್ನ ವಾದವಲ್ಲ. ಬೇಕಾದಷ್ಟಿತ್ತು. ತಾರಸಿಯ ಮೇಲೆ ಒಬ್ಬ ಆಂಟೆನಾ ತಿರುಗಿಸುವುದು, ಕೆಳಗಿನಿಂದ ಇನ್ನೊಬ್ಬ "ಬಂತು, ಬಂತು, ಅಯ್ಯೋ ಹೋಯ್ತು" ಎಂದು ಕೂಗುವುದು. ಮರದ ಪೆಟ್ಟಿಗೆಯ ಬಾಗಿಲು ಸರ್ರನೆ ಸರಿದಾಗ ಎದೆ ಡವಗುಟ್ಟುವುದು. ಕಪ್ಪು ಬಿಳುಪಿನ ಪರದೆಯ ಮುಂದೆ ನೀಲಿ ಹಾಳೆ ತಗುಲಿಸಿ ಕಲರ್ ಟಿ.ವಿ. ಎಂದು ಬೀಗುವುದು, "ಅಡಚಣೆಗಾಗಿ ಕ್ಷಮಿಸಿ" ಎಂಬ ಫಲಕವನ್ನೂ ಕಣ್ಣು ಮಿಟುಕಿಸದೆ ನೋಡುವುದು. ಇದನ್ನೆಲ್ಲ ನೆನೆದು ಸುಖಪಡುವವರೊಂದಿಗೆ ನನಗೆ ಜಗಳವಿಲ್ಲ. ಆದರೆ 'ಕೂಡಿ ನೋಡಿದೆವು' ಎಂದು ಹೇಳಿ ಅದರಿಂದ ಇನ್ನೊಬ್ಬರಿಗೆ ನೀತಿಪಾಠ ತೆಗೆಯುವಾಗ, ಯಾರು ಯಾರೊಡನೆ ಕೂಡಿದರು ಎಂದು ಕೇಳಲೇಬೇಕಾಗುತ್ತದೆ.

ನಾವಿದ್ದುದು ಬೆಂಗಳೂರಿನ ಚಾಮರಾಜಪೇಟೆಯ ಒಂದು ವಠಾರದಲ್ಲಿ. ಹತ್ತು ಸಂಸಾರಗಳ ನಡುವೆ ಇದ್ದುದು ಒಂದೇ ಟಿ.ವಿ.; ಅದು ಮನೆಯೊಡೆಯರದು. ಅವರ ನಡುಮನೆಯಲ್ಲಿ ಸಂಜೆ ನೆರೆಯುತ್ತಿದ್ದ ಸಭೆಗೆ ಒಂದು ಕಟ್ಟುನಿಟ್ಟಾದ ಕ್ರಮವಿತ್ತು. ಬೆತ್ತದ ಕುರ್ಚಿಯಲ್ಲಿ ಒಡೆಯರು, ಬೆಂಚಿನ ಮೇಲೆ ಅವರ ನಂಟರು, ಜಮಖಾನದ ಮೇಲೆ ಅವರ ಮಕ್ಕಳು, ಬರಿಯ ನೆಲದ ಮೇಲೆ ಬಾಡಿಗೆಯವರ ಮಕ್ಕಳು. ಹೆಂಗಸರು ಅಡಿಗೆಮನೆಯ ಬಾಗಿಲಲ್ಲಿ, ಅರ್ಧ ಕಣ್ಣು ಒಲೆಯ ಮೇಲೆ. ಬಾಡಿಗೆ ಕೊಡುವುದು ತಡವಾದ ತಿಂಗಳಲ್ಲಿ ನಮ್ಮಮ್ಮ ನಮ್ಮನ್ನು ಆ ಕಡೆಗೆ ಬಿಡುತ್ತಲೇ ಇರಲಿಲ್ಲ. "ಯಾವ ಮುಖ ಇಟ್ಕೊಂಡು ಹೋಗ್ತೀರೋ?" ಎನ್ನುತ್ತಿದ್ದಳು. ಮುಸುರೆ ತಿಕ್ಕಲು ಬರುತ್ತಿದ್ದಾಕೆಯ ಮಗಳು ಹೊರಗಡೆ ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದಳು. ಅವಳಿಗೆ ಕಾಣುತ್ತಿದ್ದುದು ಪರದೆಯ ಒಂದು ಮೂಲೆ. ಸೊಳ್ಳೆ ಬರುತ್ತದೆಂದು ಯಾರಾದರೂ ಕಿಟಕಿ ಹಾಕಿದರೆ ಅವಳ ಚಿತ್ರಮಂಜರಿ ಅಲ್ಲಿಗೆ ಮುಗಿಯಿತು. ಮನೆಯೊಡೆಯರು ಕೆಟ್ಟವರೇನೂ ಅಲ್ಲ. ಬೇಸಿಗೆಯಲ್ಲಿ ನಮಗೆಲ್ಲ ಪಾನಕ ಕೊಡಿಸಿದವರು. ಆದರೆ ಆ ಪೆಟ್ಟಿಗೆ ಯಾರನ್ನೂ ಒಂದುಗೂಡಿಸಲಿಲ್ಲ. ಮೊದಲೇ ಇದ್ದ ಮೇಲುಕೀಳನ್ನು ಸಾಲಾಗಿ ಕೂರಿಸಿ ತೋರಿಸಿತು, ಅಷ್ಟೆ.

ಇನ್ನು ಸಂಸಾರದ ಒಳಗಿನ ಮಾತು. ನಮ್ಮಜ್ಜಿ ತೊರವೆ ರಾಮಾಯಣದ ಕಥೆಯನ್ನು ಬಾಯಲ್ಲೇ ಹೇಳಬಲ್ಲವರು. ಟಿ.ವಿ. ಬರುವ ಮುಂಚೆ ರಾತ್ರಿ ಕೈತುತ್ತು ಹಾಕುತ್ತ ವಠಾರದ ಮಕ್ಕಳಿಗೆಲ್ಲ ಕಥೆ ಹೇಳುತ್ತಿದ್ದರು. 1987ರ ಜನವರಿ 25ರಂದು ರಮಾನಂದ ಸಾಗರರ ರಾಮಾಯಣ ಪ್ರಾರಂಭವಾಯಿತು. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಸೆಟ್ಟಿಗೆ ಹೂವೇರಿಸಿ, ಊದುಬತ್ತಿ ಹಚ್ಚಿ ಜನ ಕುಳಿತರು. ಅಜ್ಜಿಯೂ ಬಂದರು. ಪರದೆಯ ಮೇಲೆ ದಶರಥ ಹಿಂದಿಯಲ್ಲಿ ಏನೋ ಹೇಳಿದ. "ಏನಂದನಪ್ಪ ಅವನು?" ಎಂದು ಅಜ್ಜಿ ಕೇಳಿದರು. ನಾಲ್ಕೂ ಕಡೆಯಿಂದ "ಶ್!" ಎಂಬ ಸದ್ದು ಬಂತು. ಆ ಸಭೆಯಲ್ಲಿ ರಾಮಾಯಣವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅವರೊಬ್ಬರೇ. ಬಾಯಿ ಮುಚ್ಚಬೇಕಾಗಿ ಬಂದುದೂ ಅವರೇ. ಸ್ವಲ್ಪ ಹೊತ್ತಿನಲ್ಲಿ ಎದ್ದು ಮನೆಗೆ ಹೋದರು. ಕೂಡಿ ಕುಳಿತವರು ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ, ಮಾತಾಡುವಂತಿಲ್ಲ ಎಂದಮೇಲೆ ಆ ಕೂಟಕ್ಕೂ ಬಸ್ಸಿನಲ್ಲಿ ಕುಳಿತವರ ಕೂಟಕ್ಕೂ ವ್ಯತ್ಯಾಸವೇನು?

ಭಾಷೆಯ ವಿಷಯವೂ ಸಣ್ಣದಲ್ಲ. 1982ರ ಆಗಸ್ಟ್ 15ರಿಂದ ದೆಹಲಿಯ ರಾಷ್ಟ್ರೀಯ ಕಾರ್ಯಕ್ರಮ ದೇಶಕ್ಕೆಲ್ಲ ಒಂದೇ ಆಗಿ ಬರತೊಡಗಿತು. ರಾತ್ರಿಯ ಮುಖ್ಯ ಹೊತ್ತು ಹಿಂದಿ, ಇಂಗ್ಲಿಷುಗಳ ಪಾಲಾಯಿತು. ಕನ್ನಡಕ್ಕೆ ಅದಕ್ಕೂ ಮುಂಚಿನ ಸಂಜೆ. ಮೈಸೂರಿನಲ್ಲಿ ಬಾಳಿದ ಆರ್. ಕೆ. ನಾರಾಯಣರ ಕಥೆಗಳನ್ನು ನಮ್ಮ ಶಂಕರ್‌ನಾಗ್ ನಮ್ಮ ಆಗುಂಬೆಯಲ್ಲೇ ಚಿತ್ರಿಸಿ 'ಮಾಲ್ಗುಡಿ ಡೇಸ್' ಮಾಡಿದರು. ನಮ್ಮ ವಠಾರ ಅದನ್ನು ನೋಡಿದ್ದು ಹಿಂದಿಯಲ್ಲಿ. ಒಂದೇ ಚಾನೆಲ್ಲಿತ್ತು, ಆದ್ದರಿಂದ ಒಗ್ಗಟ್ಟಿತ್ತು ಎನ್ನುವವರು ಆ ಚಾನೆಲ್ಲು ಸರಕಾರದ ಕೈಯಲ್ಲಿತ್ತೆಂಬುದನ್ನು ಮರೆಯುತ್ತಾರೆ. ಅದನ್ನು ಸರಕಾರದ ಹಿಡಿತದಿಂದ ಬಿಡಿಸುವ ಪ್ರಸಾರ ಭಾರತಿ ಕಾಯಿದೆಗೆ ಸಂಸತ್ತು ಒಪ್ಪಿದ್ದು 1990ರಲ್ಲಿ, ಅದು ಜಾರಿಗೆ ಬಂದದ್ದು 1997ರಲ್ಲಿ. ಬೇರೆ ದಾರಿಯಿಲ್ಲದೆ ಎಲ್ಲರೂ ಒಂದನ್ನೇ ನೋಡುವುದಕ್ಕೆ ಒಗ್ಗಟ್ಟೆಂದು ಹೆಸರಿಡುವುದಾದರೆ, ರೇಷನ್ ಅಂಗಡಿಯ ಕ್ಯೂ ಕೂಡ ಒಗ್ಗಟ್ಟೇ.

ನಿಜವಾಗಿ ಕೂಡಿ ನೋಡುವ ಪ್ರಯೋಗವೊಂದು ನಮ್ಮ ನಾಡಿನಲ್ಲಿ ನಡೆದಿತ್ತು. ಅದನ್ನು ನೆನೆಯುವವರೇ ಕಡಮೆ. ಬೆಂಗಳೂರಿಗೆ ಟಿ.ವಿ. ಬರುವುದಕ್ಕೂ ಮೊದಲೇ, 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದಿಂದ ಎರವಲಾಗಿ ಬಂದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ಬಂದವು. ಅಂದಿನ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ. ಸಂಜೆ ಬೇಸಾಯ, ಆರೋಗ್ಯ, ಮನರಂಜನೆ. ನಮ್ಮ ಹಳ್ಳಿಗಳಿಗೆ ಕನ್ನಡದಲ್ಲೇ ಬರುತ್ತಿತ್ತು. ದೇಶದಲ್ಲಿ ತುರ್ತುಪರಿಸ್ಥಿತಿಯಿದ್ದ ಆ ವರ್ಷದಲ್ಲಿ ಸರಕಾರದ ಸ್ತುತಿಗೆ ಕೊರತೆಯಿರಲಿಲ್ಲ, ನಿಜ. ಆದರೂ ಆ ಸೆಟ್ಟು ಊರಿಗೆ ಸೇರಿದ್ದು, ಯಾರ ನಡುಮನೆಯದೂ ಅಲ್ಲ. ಬಾಡಿಗೆ ಬಾಕಿಯಿದೆಯೆಂದು ಅದರ ಮುಂದೆ ಕೂರಲು ಯಾರೂ ನಾಚಬೇಕಾಗಿರಲಿಲ್ಲ. ವರ್ಷ ತುಂಬಿತು, ಉಪಗ್ರಹ ಹೊರಟುಹೋಯಿತು. ಗುಲ್ಬರ್ಗದಲ್ಲಿ 1977ರಲ್ಲಿ ಕೇಂದ್ರವೊಂದು ಬಂದರೂ, ನೆಲದ ಮೇಲಿನ ಗೋಪುರ ಆಕಾಶದಷ್ಟು ದೂರ ಮುಟ್ಟುವುದೆಂತು? ಆಮೇಲೆ ಬಂದ ವಿಸ್ತರಣೆಯಲ್ಲಿ ಪೆಟ್ಟಿಗೆ ಕೊಳ್ಳುವ ಶಕ್ತಿಯಿದ್ದವರ ನಡುಮನೆಯೇ ಮುಖ್ಯವಾಯಿತು. ಕೂಡಿ ನೋಡುವುದರಲ್ಲಿ ನಮಗೆ ಅಷ್ಟು ಅಕ್ಕರೆಯಿದ್ದಿದ್ದರೆ, ಊರಿನ ಸೆಟ್ಟು ಹೋದುದಕ್ಕೆ ಯಾರಾದರೂ ಅತ್ತಿರಬೇಕಾಗಿತ್ತು.

ಕೊನೆಯದಾಗಿ ಒಂದು ಸರಳ ಪ್ರಶ್ನೆ. ಆ ಕೂಟ ಅಷ್ಟು ಸೊಗಸಾಗಿದ್ದರೆ ನಾವು ಅದನ್ನು ಬಿಟ್ಟದ್ದೇಕೆ? ಕಂತಿನ ಮೇಲೆ ಸೆಟ್ಟು ಸಿಗುತ್ತಲೇ ವಠಾರದ ಒಂದೊಂದು ಸಂಸಾರವೂ ಒಂದೊಂದು ತಂದು ಬಾಗಿಲು ಹಾಕಿಕೊಂಡಿತು. ನಮ್ಮಮ್ಮ ನಮ್ಮ ಮನೆಗೆ ಟಿ.ವಿ. ಬಂದ ದಿನ ಹೇಳಿದ್ದು ಒಂದೇ ಮಾತು: "ಇನ್ನು ಯಾರ ಮನೆ ಹೊಸ್ತಿಲೂ ಕಾಯಬೇಕಾಗಿಲ್ಲ." ಆ ಮಾತಿನಲ್ಲಿದ್ದ ಬಿಡುಗಡೆಯನ್ನು ನಾನು ಇಂದಿಗೂ ಗೌರವಿಸುತ್ತೇನೆ. 90ರ ದಶಕದಲ್ಲಿ ಕೇಬಲ್ಲು ಬಂತು, ಕೋಣೆಗೊಂದು ಸೆಟ್ಟಾಯಿತು, ಕಡೆಗೆ ಕೈಗೊಂದು ಫೋನಾಯಿತು. ಈ ದಾರಿಯ ಮೊದಲ ಹೆಜ್ಜೆಯನ್ನು ಇಟ್ಟವರು ಇಂದಿನ ಮಕ್ಕಳಲ್ಲ, ಅವರ ಹಿರಿಯರು. ಮೊಬೈಲು ಆ ಮರದ ಪೆಟ್ಟಿಗೆಯ ವೈರಿಯಲ್ಲ, ಮೊಮ್ಮಗ.

ಮಕ್ಕಳು ದಿನವಿಡೀ ಫೋನು ನೋಡುವುದು ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಅದನ್ನು ತಪ್ಪಿಸಬೇಕಾದರೆ ಇಲ್ಲದ ಸ್ವರ್ಗದ ಕಥೆ ಹೇಳಿ ಫಲವಿಲ್ಲ. ಮನೆಯಲ್ಲಿ ಅಜ್ಜಿಯಿದ್ದರೆ ಅವರು ಮಾತಾಡುವಾಗ ಹಿರಿಯರು ಮೊದಲು ತಮ್ಮ ಫೋನು ಕೆಳಗಿಡಲಿ. ಮಗು ನೋಡುತ್ತಿರುವುದೇನೆಂದು ಪಕ್ಕದಲ್ಲಿ ಕುಳಿತು ಕೇಳಲಿ. ಕೆಲಸದಾಕೆಯ ಮಗಳು ತಾಯಿಯ ಜೊತೆ ಬಂದರೆ ಒಳಗೆ ಕರೆದು ಕುರ್ಚಿ ಕೊಡಲಿ. ಇದಕ್ಕೆ ಆಂಟೆನಾ ಬೇಡ, ಉಪಗ್ರಹವೂ ಬೇಡ. ಇಷ್ಟು ಮಾಡಿದ ಮೇಲೆ ಯಾರಾದರೂ "ನಮ್ಮ ಕಾಲದಲ್ಲಿ" ಎಂದು ಶುರುಮಾಡಿದರೆ ನಾನೂ ಕುಳಿತು ಕೇಳಲು ಸಿದ್ಧ.