ಕಲಿಯುವವರ ಬೈಕು, ಕೋಯಂಬೇಡಿನ ರಸ್ತೆ

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಮೂರನೆಯದು ವಾಹನ ಕಲಿಯುವವರಿಗೆ ಸಂಬಂಧಿಸಿದ್ದು. ಗಾಡಿಯ ಮುಂದೆಯೂ ಹಿಂದೆಯೂ ಬಿಳಿಯ ಮೇಲೆ ಕೆಂಪು ‘ಎಲ್’ ಇರಬೇಕು. ಫಲಕ 18 ಸೆಂಟಿಮೀಟರ್ ಚೌಕಕ್ಕಿಂತ ಚಿಕ್ಕದಾಗಬಾರದು. ಅಕ್ಷರದ ಎತ್ತರ 10, ದಪ್ಪ 2, ಬುಡದ ಅಗಲ 9 ಸೆಂಟಿಮೀಟರ್‌ಗೆ ಕಡಿಮೆ ಇರಬಾರದು. ಇಷ್ಟು ಅಳತೆ ಹಿಡಿದು ಬರೆದ ನಿಯಮ ರಸ್ತೆಯಲ್ಲಿ ಏನಾಗಿದೆ ಎಂದು ತಿಳಿಯಲು ಚೆನ್ನೈನ ಕೋಯಂಬೇಡಿನಲ್ಲಿ, ಪೂನಮಲ್ಲಿ ಹೈರೋಡ್ ಮತ್ತು ನೂರಡಿ ರಸ್ತೆ ಕೂಡುವ ಕಡೆ, ಬೆಳಗಿನ ಹೊತ್ತು ಸ್ವಲ್ಪ ನಿಂತರೆ ಸಾಕು. ಡ್ರೈವಿಂಗ್ ಸ್ಕೂಲಿನ ಕಾರುಗಳ ಮೇಲೆ ಆ ಕೆಂಪಕ್ಷರ ಕಾಣುತ್ತದೆ. ಬೈಕುಗಳ ಮೇಲೆ ಕಾಣುವುದು ಅಪರೂಪ. ಎಲ್‌ಎಲ್‌ಆರ್, ಅಂದರೆ ಕಲಿಯುವವರ ಪರವಾನಗಿ, ಮಾಡಿಸಿಕೊಂಡು ಬೈಕ್ ಕಲಿಯುತ್ತಿರುವವರು ಆ ಗುಂಪಿನಲ್ಲಿ ಖಂಡಿತ ಇದ್ದಾರೆ. ಅವರು ಯಾರೆಂದು ಉಳಿದವರಿಗೆ ತಿಳಿಯುವ ದಾರಿಯಿಲ್ಲ.

ಕಲಿಯುವವರು ಈ ಬೋರ್ಡ್ ಹಾಕಬೇಕೇ, ವೇಗಕ್ಕೆ ತಾವಾಗಿಯೇ ಕಡಿವಾಣ ಹಾಕಿಕೊಳ್ಳಬೇಕೇ? ಹೌದು ಎನ್ನುವವನು ನಾನು. ಬೇಡ ಎನ್ನುವವರ ಮಾತಿಗೂ ಕಿವಿಗೊಡಬೇಕು. ಯಾರೂ ಹಾಕುವುದಿಲ್ಲ, ನಾನೊಬ್ಬ ಯಾಕೆ ಹಾಕಲಿ ಎನ್ನುತ್ತಾರೆ. ಟ್ರಾಫಿಕ್ ಪೊಲೀಸರು ಹೆಲ್ಮೆಟ್ ನೋಡುತ್ತಾರೆ, ಇನ್ಶೂರೆನ್ಸ್ ಕೇಳುತ್ತಾರೆ, ಎಲ್ ಬೋರ್ಡ್ ಎಲ್ಲಿ ಎಂದು ಬೈಕಿನವರನ್ನು ಕೇಳುವುದು ಕಡಿಮೆ. ಬೋರ್ಡ್ ಕಂಡರೆ ಹಿಂದಿನವರು ಹಾರ್ನ್ ಒತ್ತಿ ಒತ್ತಿ ಹೆದರಿಸುತ್ತಾರೆ, ಕಟ್ ಹೊಡೆದು ಮುಂದೆ ಹೋಗುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲರೂ ಐವತ್ತರಲ್ಲಿ ಹೋಗುವ ರಸ್ತೆಯಲ್ಲಿ ಒಬ್ಬ ಮಾತ್ರ ಮೂವತ್ತರಲ್ಲಿ ಹೋದರೆ ಅವನಿಗೇ ಅಪಾಯ ಎನ್ನುತ್ತಾರೆ. ಮೊದಲಿನ ಎರಡಕ್ಕೆ ಹೆಚ್ಚು ಉತ್ತರ ಬೇಕಿಲ್ಲ. ಕೊನೆಯ ಎರಡು ಅನುಭವದಿಂದ ಬಂದ ಮಾತು, ಅವಕ್ಕೆ ನೇರವಾಗಿಯೇ ಉತ್ತರ ಕೊಡಬೇಕು.

ಕೋಯಂಬೇಡು ನಮ್ಮವರಿಗೆ ಹೊಸ ಹೆಸರಲ್ಲ. 2002ರಲ್ಲಿ ಇಲ್ಲಿನ ಮಾಫ್ಸಿಲ್ ಬಸ್ ನಿಲ್ದಾಣ ಶುರುವಾದ ಮೇಲೆ ಬೆಂಗಳೂರಿನ ಬಸ್ಸು ಹತ್ತಿದವರು ಎಷ್ಟೋ ವರ್ಷ ಮದರಾಸಿನಲ್ಲಿ ಕಾಲಿಟ್ಟದ್ದು ಇಲ್ಲೇ. ಪಕ್ಕದಲ್ಲಿ 1996ರಿಂದ ನಡೆಯುತ್ತಿರುವ ಸಗಟು ಮಾರುಕಟ್ಟೆ, ಸುಮಾರು 295 ಎಕರೆ. ಕೋಲಾರ, ಶ್ರೀನಿವಾಸಪುರದ ಟೊಮೆಟೊ ರಾತ್ರಿಯೆಲ್ಲ ಲಾರಿಯಲ್ಲಿ ಬಂದು ಇಳಿಯುವ ಜಾಗ. ಬೆಳಕು ಹರಿಯುವ ಮೊದಲೇ ಚಿಲ್ಲರೆ ವ್ಯಾಪಾರಿಗಳು ಬೈಕಿನಲ್ಲಿ ಬಂದು ಸೀಟಿನ ಹಿಂದೆ, ಕಾಲಿನ ಸಂದಿಯಲ್ಲಿ ಸೊಪ್ಪಿನ ಮೂಟೆ ಇಟ್ಟುಕೊಂಡು ಹೊರಡುತ್ತಾರೆ. 2015ರಲ್ಲಿ ಚೆನ್ನೈ ಮೆಟ್ರೋದ ಮೊದಲ ರೈಲು ಓಡಿದ್ದು ಕೋಯಂಬೇಡು–ಆಲಂದೂರು ನಡುವೆ. ಆ ನಿಲ್ದಾಣಕ್ಕೆ ಬರುವ ಸ್ಕೂಟರುಗಳೂ ಈಗ ಇದೇ ಗದ್ದಲಕ್ಕೆ ಸೇರಿವೆ. ಲಾರಿ, ಬಸ್ಸು, ಶೇರ್ ಆಟೊ, ಕೈಗಾಡಿ, ರಸ್ತೆ ದಾಟುವವರು.

ಇಂಥ ಜಾಗದಲ್ಲಿ ಯಾರೂ ಬರೀ ಸಿಗ್ನಲ್ ನೋಡಿ ಗಾಡಿ ಓಡಿಸುವುದಿಲ್ಲ. ಪಕ್ಕದವನು ಮುಂದೇನು ಮಾಡುತ್ತಾನೆ ಎಂದು ಊಹಿಸಿ ಓಡಿಸುತ್ತಾರೆ. ಸಂದು ಸಿಕ್ಕ ಕೂಡಲೇ ಮುಂದಿನ ಬೈಕು ಎಡಕ್ಕೆ ನುಗ್ಗುತ್ತದೆ ಎಂದು ಬಸ್ ಚಾಲಕನ ಲೆಕ್ಕ. ಬಸ್ಸು ನಿಲ್ದಾಣದಿಂದ ಹೊರಬಿದ್ದರೆ ಬೈಕಿನವನು ಬ್ರೇಕ್ ಹಿಡಿಯುತ್ತಾನೆ ಎಂದು ಇನ್ನೊಂದು ಲೆಕ್ಕ. ಅನುಭವ ಇರುವವರ ನಡುವೆ ಈ ಲೆಕ್ಕ ಬಹುಮಟ್ಟಿಗೆ ಸರಿಹೋಗುತ್ತದೆ. ಕಲಿಯುವವನು ಮಾತ್ರ ಲೆಕ್ಕ ತಪ್ಪಿಸುತ್ತಾನೆ. ನುಗ್ಗಬೇಕಾದ ಕಡೆ ಗಾಡಿ ಆಫ್ ಮಾಡಿಕೊಂಡು ನಿಲ್ಲುತ್ತಾನೆ. ನಿಲ್ಲಬೇಕಾದ ಕಡೆ ಗಾಬರಿಯಿಂದ ಕ್ಲಚ್ ಬಿಟ್ಟು ಮುಂದೆ ಜಿಗಿಯುತ್ತಾನೆ. ಅದು ಅವನ ತಪ್ಪಲ್ಲ. ಎಲ್ಲರೂ ಕಲಿತದ್ದು ಹಾಗೆಯೇ. ಆದರೆ ಹಿಂದಿರುವ ಬಸ್ ಚಾಲಕನಿಗೆ ಅದು ಮೊದಲೇ ಗೊತ್ತಿದ್ದರೆ ಅವನು ಇನ್ನೊಂದು ಮಾರು ಅಂತರ ಬಿಟ್ಟಿರುತ್ತಿದ್ದ. ಆ ತಿಳಿವಳಿಕೆಯನ್ನು ಕೊಡುವುದೇ ಬೋರ್ಡಿನ ಕೆಲಸ. ಅದು ಪೊಲೀಸರಿಗಾಗಿ ಇರುವ ಗುರುತು ಎಂದುಕೊಂಡಿರುವುದರಿಂದಲೇ, ಪೊಲೀಸರು ಕೇಳದಿದ್ದರೆ ಬೇಡ ಎಂಬ ಮಾತು ಹುಟ್ಟಿದೆ.

ಹಾರ್ನ್ ಹೊಡೆದು ಹೆದರಿಸುವವರು ಇದ್ದಾರೆ, ನಿಜ. ಅವರು ಬೋರ್ಡ್ ಇಲ್ಲದಿದ್ದರೂ ಹೊಡೆಯುತ್ತಾರೆ, ಯಾಕೆಂದರೆ ಅವರಿಗೆ ಸಿಟ್ಟು ಬರುವುದು ಮುಂದಿನವನು ನಿಧಾನವಾದದ್ದಕ್ಕೆ. ಬೋರ್ಡ್ ಇದ್ದರೆ ಆ ನಿಧಾನಕ್ಕೆ ಒಂದು ಕಾರಣ ಕಾಣುತ್ತದೆ, ಹತ್ತರಲ್ಲಿ ಕೆಲವರಾದರೂ ಸುಮ್ಮನಾಗುತ್ತಾರೆ. ಹೊಸಬರ ಬಗ್ಗೆ ಒರಟಾಗಿ ನಡೆದುಕೊಳ್ಳುವ ಚಟ ನಮ್ಮ ನಗರಗಳಲ್ಲಿ ಬೆಳೆದಿರುವುದು ನನಗೆ ನೋವಿನ ಸಂಗತಿ. ಅದಕ್ಕೆ ಹೊಸಬರು ತಮ್ಮನ್ನು ಮರೆಮಾಡಿಕೊಳ್ಳುವುದು ಪರಿಹಾರವಲ್ಲ.

ನಿಯಮದಲ್ಲಿಯೂ ಒಂದು ಕೊರತೆ ಇದೆ, ಅದನ್ನು ಮುಚ್ಚಿಡಬಾರದು. ಕಲಿಯುವವರ ಜೊತೆ ಪರವಾನಗಿ ಇರುವ ಬೋಧಕ ಇರಬೇಕು, ಅವನು ಗಾಡಿಯನ್ನು ಹತೋಟಿಗೆ ತರುವ ಅಥವಾ ನಿಲ್ಲಿಸುವ ಜಾಗದಲ್ಲಿ ಕೂತಿರಬೇಕು ಎಂದು ಅದು ಹೇಳುತ್ತದೆ. ಕಾರಿನಲ್ಲಿ ಇದು ಸುಲಭ. ಪಕ್ಕದ ಸೀಟಿನ ಕೆಳಗೆ ಇನ್ನೊಂದು ಬ್ರೇಕ್ ಇಟ್ಟರಾಯಿತು. ಬೈಕಿನ ಹಿಂದಿನ ಸೀಟಿನಲ್ಲಿ ಕೂತ ಅಣ್ಣನಿಗೋ ಮಾವನಿಗೋ ಬ್ರೇಕೂ ಸಿಗುವುದಿಲ್ಲ, ಕ್ಲಚ್ಚೂ ಸಿಗುವುದಿಲ್ಲ. ಕಾರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಕಲಮನ್ನು ದೇಶದ ಬಹುಪಾಲು ಜನ ಓಡಿಸುವ ಗಾಡಿಗೂ ಹೊದಿಸಿದ್ದಾರೆ. ಪಾಲಿಸಲಾಗದ ಒಂದು ಮಾತು ಸೇರಿಕೊಂಡದ್ದರಿಂದ ಪಾಲಿಸಬಹುದಾದ ಮಾತುಗಳಿಗೂ ಬೆಲೆ ಹೋಗಿದೆ. ಅದೇ ನಿಯಮ, ಕಲಿಯುವವರು ಬೋಧಕನನ್ನು ಬಿಟ್ಟು ಬೇರೆ ಯಾರನ್ನೂ ಬೈಕಿನಲ್ಲಿ ಕೂರಿಸಿಕೊಳ್ಳಬಾರದು ಎಂದೂ ಹೇಳುತ್ತದೆ. ಇದು ಎಷ್ಟು ಅಗತ್ಯ ಎಂದು ಬೈಕ್ ಕಲಿತ ಪ್ರತಿಯೊಬ್ಬರಿಗೂ ಗೊತ್ತು. ಹಿಂದೆ ಅರವತ್ತು ಕೆಜಿ ಭಾರ ಕೂತ ಕೂಡಲೇ ತಿರುವಿನಲ್ಲಿ ಗಾಡಿ ವಾಲುವ ರೀತಿಯೂ ಬ್ರೇಕ್ ಹಿಡಿಯುವ ದೂರವೂ ಬದಲಾಗುತ್ತವೆ. ಎಲ್‌ಎಲ್‌ಆರ್ ಕೈಗೆ ಬಂದ ವಾರವೇ ಗೆಳೆಯನನ್ನು ಹತ್ತಿಸಿಕೊಂಡು ಸಿನಿಮಾಕ್ಕೆ ಹೋಗುವವರು ಬೋರ್ಡ್ ಮರೆತವರಿಗಿಂತ ದೊಡ್ಡ ಅಪಾಯ ಮೈಮೇಲೆ ಎಳೆದುಕೊಳ್ಳುತ್ತಾರೆ.

ಈಗ ವೇಗದ ವಿಷಯ. ಕಲಿಯುವವರಿಗೆಂದೇ ಬೇರೆ ವೇಗಮಿತಿ ನಮ್ಮ ಕೇಂದ್ರ ಕಾನೂನಿನಲ್ಲಿಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಕಲಿಯುವ ಬೈಕ್ ಸವಾರರಿಗೆ ಗಂಟೆಗೆ 90 ಕಿ.ಮೀ. ಗಡಿ ಇದೆ, ಹೆದ್ದಾರಿಯ ಮಿತಿ ಅದಕ್ಕಿಂತ ಹೆಚ್ಚಿದ್ದರೂ ಅವರು ದಾಟುವಂತಿಲ್ಲ. ಚೆನ್ನೈನಲ್ಲಿ 2023ರ ನವೆಂಬರ್‌ನಲ್ಲಿ ಸಂಚಾರ ಪೊಲೀಸರು ಹೊಸ ಮಿತಿಗಳನ್ನು ಪ್ರಕಟಿಸಿದರು: ದ್ವಿಚಕ್ರ ವಾಹನಕ್ಕೆ 50, ವಸತಿ ಬೀದಿಗಳಲ್ಲಿ ಎಲ್ಲರಿಗೂ 30. ಇಪ್ಪತ್ತು ವರ್ಷ ಬೈಕ್ ಓಡಿಸಿದವರಿಗೂ ನಿನ್ನೆ ಮೊದಲ ಗೇರು ಹಾಕಲು ಕಲಿತವರಿಗೂ ಅದೇ 50.

ಮೂವತ್ತು, ಐವತ್ತು ಎಂಬ ಎರಡು ಅಂಕಿಗಳ ನಡುವಿನ ವ್ಯತ್ಯಾಸ ಕಾಗದದ ಮೇಲೆ ಕಾಣುವುದಕ್ಕಿಂತ ದೊಡ್ಡದು. ಹೊಸ ಸವಾರನಿಗೆ ಅಡ್ಡ ಬಂದದ್ದು ಕಂಡು, ಬ್ರೇಕ್ ಹಿಡಿಯಲು ಒಂದೂವರೆ ಸೆಕೆಂಡು ಬೇಕು ಎಂದಿಟ್ಟುಕೊಳ್ಳೋಣ. ಹಿಡಿದ ಮೇಲೆ ಪ್ರತಿ ಸೆಕೆಂಡಿಗೆ ವೇಗ ಗಂಟೆಗೆ ಸುಮಾರು 18 ಕಿ.ಮೀ.ಯಷ್ಟು ಇಳಿಯುತ್ತದೆ ಎಂದಿಟ್ಟುಕೊಳ್ಳೋಣ. ಮುಂದಿನ ಬ್ರೇಕಿಗೆ ಹೆದರಿ ಹಿಂದಿನದನ್ನೇ ತುಳಿಯುವವರಿಗೆ ಇದೂ ಹೆಚ್ಚೇ. ಮೂವತ್ತರಲ್ಲಿ ಹೋಗುತ್ತಿದ್ದವನು ಸುಮಾರು 19 ಮೀಟರಿನಲ್ಲಿ ನಿಲ್ಲುತ್ತಾನೆ. ಐವತ್ತರಲ್ಲಿದ್ದವನಿಗೆ 40 ಮೀಟರ್ ಬೇಕು, ಅರವತ್ತರಲ್ಲಿದ್ದವನಿಗೆ 53. ಐವತ್ತರಲ್ಲಿ ಬಂದವನು ಆ 19 ಮೀಟರ್ ಮುಗಿದ ಜಾಗದಲ್ಲಿ ಇನ್ನೂ ಬ್ರೇಕನ್ನೇ ಮುಟ್ಟಿರುವುದಿಲ್ಲ. ಮಾರುಕಟ್ಟೆಯ ಗೇಟಿನಿಂದ ಮೂಟೆ ಹೊತ್ತವರು ರಸ್ತೆಗೆ ಇಳಿಯುವ ಕಡೆ ಮುಂದೆ ನಲವತ್ತು ಮೀಟರ್ ಬಯಲು ಯಾರಿಗೂ ಸಿಗುವುದಿಲ್ಲ.

ಹಾಗಿದ್ದರೂ ಮೂವತ್ತೇ ಕ್ಷೇಮ ಎಂದು ಎಲ್ಲ ಕಡೆ ಹೇಳಲಾರೆ. ಪೂನಮಲ್ಲಿ ಹೈರೋಡಿನಲ್ಲೇ ಸ್ವಲ್ಪ ಪಶ್ಚಿಮಕ್ಕೆ ಹೋದರೆ ಮದುರವೊಯಲ್, ಅಲ್ಲಿ ಚೆನ್ನೈ ಬೈಪಾಸ್. ಆ ಬೈಪಾಸಿನಲ್ಲಿ ಮೂವತ್ತರಲ್ಲಿ ಹೋಗುವ ಬೈಕಿನ ಹಿಂದೆ ಎಂಬತ್ತರಲ್ಲಿ ಬರುವ ಲಾರಿ ನಿಜಕ್ಕೂ ಮಾರಕ. ಉತ್ತರ ಐರ್ಲೆಂಡಿನಲ್ಲಿ ಕಲಿಯುವವರಿಗೆ ಗಂಟೆಗೆ 45 ಮೈಲಿ, ಅಂದರೆ ಸುಮಾರು 72 ಕಿ.ಮೀ., ಎಂಬ ಮಿತಿ ಹಾಕಿದ್ದಕ್ಕೆ ಬಹಳ ಕಾಲ ಕೇಳಿಬಂದ ಆಕ್ಷೇಪವೂ ಇದೇ. ಆಕ್ಷೇಪ ಸರಿ, ಆದರೆ ಅದರಿಂದ ಕಲಿಯುವವರು ವೇಗ ಹೆಚ್ಚಿಸಬೇಕು ಎಂಬ ತೀರ್ಮಾನ ಹೊರಡುವುದಿಲ್ಲ, ಅವರು ಇನ್ನೂ ಆ ರಸ್ತೆಗೆ ಹೋಗಬಾರದು ಎಂಬುದು ಹೊರಡುತ್ತದೆ. ನಾನು ಬಯಸುವ ನಿಯಮ ಅದು: ಎಲ್‌ಎಲ್‌ಆರ್ ಅವಧಿಯಲ್ಲಿ ಬೈಪಾಸ್ ಮತ್ತು ಮೇಲ್ಸೇತುವೆ ಬೇಡ, ಒಳಬೀದಿ ಮತ್ತು ಸರ್ವಿಸ್ ರಸ್ತೆ ಸಾಕು, ಅಲ್ಲಿಯ ಮಿತಿ ಮೂವತ್ತು.

ಹದಿನೆಂಟು ತುಂಬಿದವರ ವಿಷಯದಲ್ಲಿ ಎಂಜಿನ್ನಿನ ಗಾತ್ರದ ಬಗ್ಗೆಯೂ ಕಾನೂನು ಸುಮ್ಮನಿದೆ. ಅವರಿಗೆ ಗೇರ್ ಇರುವ ಬೈಕಿನ ಎಲ್‌ಎಲ್‌ಆರ್ ಸಿಕ್ಕರೆ 100 ಸಿಸಿ ಸ್ಪ್ಲೆಂಡರ್‌ನಲ್ಲೂ ಕಲಿಯಬಹುದು, ಚೆನ್ನೈ ಬಳಿಯೇ ತಯಾರಾಗುವ 650 ಸಿಸಿ ರಾಯಲ್ ಎನ್‌ಫೀಲ್ಡ್‌ನಲ್ಲೂ ಕಲಿಯಬಹುದು. ಯೂರೋಪಿನಲ್ಲಿ ಮೊದಲ ಹಂತದ ಪರವಾನಗಿಗೆ 125 ಸಿಸಿ, 11 ಕಿಲೋವ್ಯಾಟ್. ಮುಂದಿನ ಹಂತಕ್ಕೆ 35 ಕಿಲೋವ್ಯಾಟ್. ಎಲ್ಲ ಬೈಕುಗಳ ಹಂತ ಆಮೇಲೆ. ಹಂತವೇ ಇಲ್ಲದ ನಮ್ಮಲ್ಲಿ ಹಣ ಇದ್ದವರ ಮಗ ಮೊದಲ ದಿನವೇ ಭಾರಿ ಬೈಕ್ ಹತ್ತುತ್ತಾನೆ. ವೇಗವೇ ಗಂಡಸುತನ ಎಂದು ತೋರಿಸುವ ವಿಡಿಯೊಗಳು ಅವನ ಕೈಯಲ್ಲೇ ಇವೆ. 2023ರ ಸೆಪ್ಟೆಂಬರ್‌ನಲ್ಲಿ ಚೆನ್ನೈ–ಬೆಂಗಳೂರು ಹೆದ್ದಾರಿಯಲ್ಲಿ ಅಂಥ ಒಬ್ಬ ಪ್ರಸಿದ್ಧ ಯೂಟ್ಯೂಬ್ ಸವಾರ ಬಿದ್ದು ಕೈ ಮುರಿದುಕೊಂಡಾಗ ತಮಿಳುನಾಡು ಸಾರಿಗೆ ಇಲಾಖೆ ಅವನ ಪರವಾನಗಿಯನ್ನು ಹತ್ತು ವರ್ಷ ತಡೆಹಿಡಿಯಿತು. ಅವನನ್ನು ನೋಡಿ ಬೈಕ್ ಕಲಿತ ಹುಡುಗರು ಎಷ್ಟೋ ಜನ. ಅವರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಕೋಯಂಬೇಡಿನ ವ್ಯಾಪಾರಿಗೆ ಬರುವ ಕಷ್ಟ ಬೇರೆಯದು. ಬೈಕ್ ಅವನ ಹೊಟ್ಟೆಪಾಡು. ತರಕಾರಿ ಹೊರುವವನಿಗೆ, ಊಟ ತಲುಪಿಸುವ ಹುಡುಗನಿಗೆ ಕಲಿಯಲು ತಿಂಗಳುಗಟ್ಟಲೆ ಸಮಯ ಎಲ್ಲಿದೆ ಎಂದು ಕೇಳುವವರ ಮಾತು ನನ್ನನ್ನು ಬಹಳ ಸಲ ತಡೆದು ನಿಲ್ಲಿಸಿದೆ. ಕಾನೂನು ಕೇಳುವುದು ಮೂವತ್ತು ದಿನ. ಅಷ್ಟು ದಿನ ಎಲ್‌ಎಲ್‌ಆರ್ ಇದ್ದ ಮೇಲೆ ಪರೀಕ್ಷೆಗೆ ಹೋಗಬಹುದು, ಆರು ತಿಂಗಳವರೆಗೆ ಅದು ಊರ್ಜಿತ. ಬಡವನಿಗೆ ಈ ದಿನಗಳ ಎಚ್ಚರಿಕೆ ಹೆಚ್ಚು ಬೇಕು, ಯಾಕೆಂದರೆ ಒಂದು ಕಾಲು ಮುರಿದರೆ ಅವನ ಮನೆಯ ಒಲೆ ಆರುತ್ತದೆ. ವಿಮೆಯ ಪಾಲಿಸಿಯಲ್ಲಿ ಚಾಲಕನ ಕುರಿತ ಸಾಲನ್ನು ಅವನಿಗೆ ಯಾರೂ ಓದಿ ಹೇಳುವುದಿಲ್ಲ: ಎಲ್‌ಎಲ್‌ಆರ್ ಇರುವವರು ಓಡಿಸಬಹುದು, ಆದರೆ 1989ರ ಮೂರನೇ ನಿಯಮವನ್ನು ಪಾಲಿಸಿರಬೇಕು. ಎಲ್‌ಎಲ್‌ಆರ್ ಕೂಡ ಪರವಾನಗಿಯೇ, ಅದನ್ನು ನೆಪ ಮಾಡಿ ಅಪಘಾತಕ್ಕೆ ಒಳಗಾದವರ ಪರಿಹಾರ ತಪ್ಪಿಸಲಾಗದು ಎಂದು ಸುಪ್ರೀಂ ಕೋರ್ಟು 2004ರಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದು ಸಮಾಧಾನದ ಸಂಗತಿ. ಆದರೆ ತನ್ನದೇ ಬೈಕಿನ ನಷ್ಟ ಕೇಳಲು ಹೋದಾಗ ಬೋರ್ಡ್ ಇತ್ತೇ ಎಂಬ ಪ್ರಶ್ನೆ ಏಳಬಹುದು.

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ದ್ವಿಚಕ್ರ ವಾಹನದವರೇ ಸುಮಾರು ಶೇಕಡಾ 44. ಆ ವರ್ಷ ಅತಿ ಹೆಚ್ಚು ಅಪಘಾತ ದಾಖಲಾದ ರಾಜ್ಯ ತಮಿಳುನಾಡು. ಇಷ್ಟಿದ್ದೂ ಬೈಕಿನ ಪರೀಕ್ಷೆಯೆಂದರೆ ನಮ್ಮಲ್ಲಿಯೂ ಅಲ್ಲಿಯೂ ‘ಎಂಟು ಹಾಕುವುದು’. ಕಾಲು ಊರದೆ, ನಡಿಗೆಗಿಂತ ತುಸು ವೇಗದಲ್ಲಿ ಎಂಟರ ಆಕಾರ ಸುತ್ತಿ ಬಂದರೆ ಪಾಸು. ಸಮತೋಲನಕ್ಕೆ ಅದು ಒಳ್ಳೆಯ ಪರೀಕ್ಷೆ. ನಲವತ್ತರಲ್ಲಿ ಹೋಗುತ್ತಿರುವಾಗ ಎರಡೂ ಬ್ರೇಕ್ ಸೇರಿಸಿ ನೆಟ್ಟಗೆ ನಿಲ್ಲಲು ಬರುತ್ತದೆಯೇ ಎಂಬುದನ್ನು ಅದು ಕೇಳುವುದಿಲ್ಲ. ಅದನ್ನು ಕಲಿಯಲು ಜಾಗವೂ ಇಲ್ಲ. ಕಾರಿಗೆ ಬೀದಿಗೊಂದು ಡ್ರೈವಿಂಗ್ ಸ್ಕೂಲ್. ಬೈಕನ್ನು ಅಣ್ಣ ಹೇಳಿಕೊಟ್ಟಷ್ಟು ಕಲಿತು ನೇರ ನೂರಡಿ ರಸ್ತೆಗೆ ಇಳಿಯಬೇಕು.

ಜಾಗ ಹುಡುಕಿದರೆ ಕೋಯಂಬೇಡಿನಲ್ಲೇ ಇದೆ. 2023ರ ಡಿಸೆಂಬರ್ ಕೊನೆಗೆ ಕಿಲಾಂಬಾಕ್ಕಂ ನಿಲ್ದಾಣ ತೆರೆದ ಮೇಲೆ ದಕ್ಷಿಣದ ಕಡೆಯ ದೂರದ ಬಸ್ಸುಗಳು ಅತ್ತ ಹೋದವು, ಸುಮಾರು 37 ಎಕರೆಯ ಹಳೆಯ ನಿಲ್ದಾಣದ ಮೇಲಿನ ಒತ್ತಡ ಕಡಿಮೆಯಾಯಿತು. ನಲವತ್ತು ಕಿ.ಮೀ. ವೇಗ ಹಿಡಿದು, ಬ್ರೇಕ್ ಹಾಕಿ, ನಿಂತು, ಮತ್ತೆ ತಿರುಗಿಸಿಕೊಳ್ಳಲು ನೂರು ಮೀಟರ್ ಉದ್ದದ ಒಂದು ಪಟ್ಟಿ ಸಾಕು. ಅಂಥ ಪಟ್ಟಿಯೊಂದನ್ನು ಭಾನುವಾರ ಬೆಳಗ್ಗೆ ಎಲ್‌ಎಲ್‌ಆರ್ ಇರುವವರಿಗೆ ಬಿಟ್ಟುಕೊಟ್ಟು, ಅನುಭವಿ ಬೋಧಕರೊಬ್ಬರನ್ನು ನಿಲ್ಲಿಸಿ, ಹೊರಡುವಾಗ ಒಂದು ಜೋಡಿ ಎಲ್ ಬೋರ್ಡ್ ಕೊಟ್ಟು ಕಳಿಸಲು ಸಾರಿಗೆ ಇಲಾಖೆಗೆ ಹೊಸ ಕಾನೂನು ಬೇಕಾಗಿಲ್ಲ. ಕರ್ನಾಟಕದಲ್ಲೂ ಪ್ರತಿ ಆರ್‌ಟಿಒ ಕಚೇರಿ ಇದನ್ನು ಮಾಡಬಹುದು, ಎಂಟು ಹಾಕಿಸುವ ಜಾಗ ಅವರಲ್ಲಿ ಈಗಾಗಲೇ ಇದೆ.