ಕಾರು ಕೆಟ್ಟಿತೋ, ನಾವು ಕೆಡಿಸಿದೆವೋ?

ತೋಟದ ಮನೆಯಲ್ಲಿ ಕಾರು ಇಡುವುದು ಷೋಕಿಗಲ್ಲ ಎಂದು ನಮ್ಮ ಸದಸ್ಯ ಬಂಧುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಸ್ಸು ನಿಲ್ಲುವ ಜಾಗ ಮೂರು ಮೈಲಿ, ಆಸ್ಪತ್ರೆ ಇಪ್ಪತ್ತು ಮೈಲಿ, ನಡುವೆ ಎರಡು ಹಳ್ಳ. ಅಡಿಕೆ ಮಾರಿದ ದುಡ್ಡಿನಲ್ಲಿ ಒಂದು ಪಾಲು ತೆಗೆದಿಟ್ಟು ಹಳೆಯ ಕಾರೊಂದನ್ನು ಕೊಳ್ಳುವುದು ಹೊತ್ತಿಗೆ ಒದಗಲಿ ಎಂದೇ. ಆ ಕಾರು ಹೊತ್ತಿಗೆ ಒದಗದೆ ಹೋದಾಗ ಆಗುವ ಸಂಕಟವನ್ನು, ಅದರಲ್ಲಿ ನಮ್ಮದೇ ತಪ್ಪಿನ ಪಾಲೆಷ್ಟು ಎಂಬುದನ್ನು ಇಲ್ಲಿ ಹೇಳಿಕೊಳ್ಳಬೇಕೆಂದಿದ್ದೇವೆ.

ನಾವು ಮೊದಲ ಕಾರು ಕೊಂಡದ್ದು 1984ರಲ್ಲಿ. ಆಗ ಹೊಸ ಕಾರಿಗೆ ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯಬೇಕಿತ್ತು. 1983ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಮೊದಲ ಮಾರುತಿ 800 ಕಾರಿನ ಕೀಲಿಕೈ ಕೊಟ್ಟ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ್ದೆವು, ಅಷ್ಟೆ. ನಮ್ಮ ಪಾಲಿಗೆ ಬಂದದ್ದು ಎರಡು ಕೈ ದಾಟಿದ ಹಳೆಯ ಪೆಟ್ರೋಲ್ ಕಾರು. ಅದರ ಹೆಸರು ಇಲ್ಲಿ ಬೇಡ. ದೋಷ ಅದನ್ನು ಮಾಡಿದವರದಲ್ಲ ಎಂಬುದು ಮುಂದೆ ತಿಳಿಯುತ್ತದೆ.

ಮೊದಲ ಮಳೆಗಾಲ ಕಳೆದು ಹೊರಗೆ ತೆಗೆದಾಗಲೇ ತಕರಾರು ಶುರುವಾಯಿತು. ಆಗುಂಬೆ ಘಾಟಿಯ ತಿರುವಿನಲ್ಲಿ ಗೊಕ್ಕ್ ಗೊಕ್ಕ್ ಎಂದು ಎಳೆದು ನಿಂತಿತು. ಮೇಸ್ತ್ರಿ ಕಾರ್ಬ್ಯುರೇಟರ್ ಬಿಚ್ಚಿ, ಜೆಟ್ಟಿಗೆ ಬಾಯಿಟ್ಟು ಊದಿ ಜೋಡಿಸಿದರು, ಹೋಯಿತು. ತಿಂಗಳು ಕಳೆದು ಶಿವಮೊಗ್ಗದಲ್ಲಿ ಅಡಿಕೆ ಮಂಡಿಯ ಬಾಗಿಲಲ್ಲೇ ನಿಂತಿತು. ಪೆಟ್ರೋಲ್ ಪಂಪಿನ ಡಯಾಫ್ರಂ ಬದಲಾಯಿತು. ಮೂರನೆಯ ಸಲ ಪ್ಲಗ್ಗು, ಪಾಯಿಂಟು. ನಾಲ್ಕನೆಯ ಸಲ ಕಾಯಿಲ್. ಪ್ರತಿ ಸಲವೂ ದುಡ್ಡು ಕೊಟ್ಟೆವು, ಪ್ರತಿ ಸಲವೂ ಎರಡು ವಾರ ನೆಟ್ಟಗೆ ಓಡಿತು, ಪ್ರತಿ ಸಲವೂ ಕಾರಿಗೆ ಬೈದೆವು. ನಾಲ್ಕು ಸಲ ಕೆಟ್ಟದ್ದು ಒಂದೇ ಕಾಯಿಲೆ ಇರಬಹುದೇ ಎಂದು ಒಮ್ಮೆಯೂ ಕೇಳಲಿಲ್ಲ.

ನಮ್ಮ ಅಕ್ಕನನ್ನು ಸಿಂಧನೂರಿಗೆ ಕೊಟ್ಟಿತ್ತು. ಭಾವನವರು ಅಲ್ಲಿ ಮಾಸ್ತರರು. 1986ರ ಮೇ ತಿಂಗಳಲ್ಲಿ ಅವರ ಹಿರಿಯ ಮಗಳ ಮದುವೆ ಲಿಂಗಸುಗೂರಿನಲ್ಲಿ ಗೊತ್ತಾಯಿತು. ಸೋದರಮಾವನಾಗಿ ಹುಡುಗಿಯನ್ನು ಮಂಟಪಕ್ಕೆ ಕರೆತರುವ ಕೆಲಸ ನಮ್ಮದು. ಅಮ್ಮನಿಗೆ ಬಸ್ಸಿನ ಪ್ರಯಾಣ ಆಗದು ಎಂದು ಕಾರಿನಲ್ಲೇ ಹೊರಟೆವು. ಹರಿಹರ, ಹೊಸಪೇಟೆ, ಗಂಗಾವತಿಯ ಮೇಲೆ ಹೋಗಿ, ದಾರಿಯಲ್ಲಿ ಎರಡು ಸಲ ಜೆಟ್ ಊದಿ, ರಾತ್ರಿ ಸಿಂಧನೂರು ಸೇರಿದೆವು. ಮದುವೆಯವರೆಲ್ಲ ಸಂಜೆಯೇ ಲಿಂಗಸುಗೂರಿಗೆ ಹೋಗಿಯಾಗಿತ್ತು. ಮುಹೂರ್ತ ಹತ್ತೂವರೆಗೆ, ಬೆಳಿಗ್ಗೆ ಏಳಕ್ಕೆ ಹೊರಟರೂ ಸಾಕಷ್ಟು ಹೊತ್ತಿದೆ ಎಂದುಕೊಂಡೆವು.

ಮಸ್ಕಿಗೆ ಇನ್ನೂ ಎರಡು ಮೈಲಿ ಇರುವಾಗ ಕಾರು ನಿಂತಿತು. ನಮಗೆ ಗಾಬರಿಯೇ ಆಗಲಿಲ್ಲ, ಅಭ್ಯಾಸವಾಗಿತ್ತು. ಜೆಟ್ ಊದಿದೆವು, ಒಂದು ಫರ್ಲಾಂಗ್ ಹೋಯಿತು, ನಿಂತಿತು. ಮತ್ತೆ ಊದಿದೆವು. ಲಿಂಗಸುಗೂರಿನ ಬಸ್ಸೊಂದು ಬಂತು. “ಹತ್ತು ನಿಮಿಷದ ಕೆಲಸ, ಅಮ್ಮನನ್ನು ಯಾಕೆ ಬಸ್ಸಿನ ನೂಕುನುಗ್ಗಲಿಗೆ ಹತ್ತಿಸುವುದು” ಎಂದು ಬಿಟ್ಟೆವು. ಎಂಟೂಮುಕ್ಕಾಲಕ್ಕೆ ಎರಡನೆಯದು ಬಂತು, ಅದನ್ನೂ ಬಿಟ್ಟೆವು. ಆ ಹೊತ್ತಿಗಾಗಲೇ ಬಿಸಿಲು ಉರಿಯುತ್ತಿತ್ತು. ಅಮ್ಮ ಬೇವಿನ ಮರದಡಿ ಸೆರಗು ಬೀಸಿಕೊಳ್ಳುತ್ತ ಕೂತಿದ್ದರು. ಗಡಿಯಾರ ಇಲ್ಲದಿದ್ದರೂ ಹೊತ್ತು ಅವರಿಗೆ ತಿಳಿಯುತ್ತಿತ್ತು.

ಕೊನೆಗೆ ಕಾರನ್ನು ಎತ್ತಿನ ಗಾಡಿಗೆ ಹಗ್ಗ ಕಟ್ಟಿ ಮಸ್ಕಿಗೆ ಎಳೆಸಿದೆವು. ಅಲ್ಲಿ ಸಿಕ್ಕವರು ಟ್ರ್ಯಾಕ್ಟರ್ ರಿಪೇರಿಯ ಹಿರಿಯ ಮೇಸ್ತ್ರಿಯೊಬ್ಬರು. ಅವರು ಬಾನೆಟ್ ಎತ್ತಲೇ ಇಲ್ಲ. ಹಿಂದೆ ಹೋಗಿ, ಕಾರಿನ ಕೆಳಗೆ ಮಲಗಿ, ಪೆಟ್ರೋಲ್ ಟ್ಯಾಂಕಿನ ತಳದ ತಿರುಪು ಬಿಚ್ಚಿ ಡಬ್ಬಿ ಹಿಡಿದರು. ಮೊದಲು ಬಂದದ್ದು ನೀರು, ಅನಂತರ ಕೆಂಪು ರಾಡಿ, ಆಮೇಲೆ ಪೆಟ್ರೋಲು. “ಯಜಮಾನ್ರ, ಕಾಲುವಿ ಮ್ಯಾಲಿನ ತುದಿಗೆ ಹೂಳು ತುಂಬೇತಿ. ನೀವು ಕೆಳಗ ಸಲಿಕಿ ಹಿಡದು ನಿಂತೀರಿ” ಎಂದರು. ಎಡದಂಡೆ ಕಾಲುವೆಯ ನೀರಿಗೆ ಕಾದು ಬದುಕುವ ಊರಿನವರ ಮಾತು ಅದು.

ಟ್ಯಾಂಕು ತೊಳೆದು ಹೊರಡುವಾಗ ಹನ್ನೊಂದು ದಾಟಿತ್ತು. ನಾವು ಲಿಂಗಸುಗೂರು ಮುಟ್ಟಿದಾಗ ಧಾರೆ ಮುಗಿದು ಮೊದಲ ಪಂಕ್ತಿಯ ಎಲೆ ಎತ್ತುತ್ತಿದ್ದರು. ಅಕ್ಕ ಬೈಯಲಿಲ್ಲ. “ಬಂದ್ಯಲ್ಲ, ಅಮ್ಮನಿಗೆ ಮೊದಲು ನೀರು ಕೊಡು” ಎಂದಳು. ಮದುವೆಯ ಫೋಟೋದಲ್ಲಿ ಹುಡುಗಿಯ ಕೈ ಹಿಡಿದು ಬರುತ್ತಿರುವವರು ಭಾವನವರ ತಮ್ಮ. ಮೊದಲ ಮೊಮ್ಮಗಳ ಧಾರೆ ನೋಡಲಿಲ್ಲ ಎಂಬ ಕೊರಗು ಅಮ್ಮನಿಗೆ ಕಡೆಯವರೆಗೂ ಉಳಿಯಿತು.

ತುಕ್ಕು ಬಂದದ್ದು ಎಲ್ಲಿಂದ? ಜೂನಿನಿಂದ ಸೆಪ್ಟೆಂಬರಿನವರೆಗೆ ಕಾರನ್ನು ಅರ್ಧ ಟ್ಯಾಂಕು ಪೆಟ್ರೋಲಿನಲ್ಲಿ ಕೊಟ್ಟಿಗೆಯ ಪಕ್ಕ ನಿಲ್ಲಿಸಿಡುತ್ತಿದ್ದೆವು. ಖಾಲಿ ಅರ್ಧದಲ್ಲಿ ತುಂಬಿದ್ದು ನಮ್ಮ ಮಲೆನಾಡಿನ ತೇವದ ಗಾಳಿ. ತಂಪಿಗೆ ಅದು ಹನಿಯಾಗಿ ಇಳಿಯುತ್ತದೆ. ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ತಳ ಸೇರುತ್ತದೆ. ತಗಡು ತುಕ್ಕು ಹಿಡಿಯುತ್ತದೆ. ಊರ ಸುತ್ತ ಓಡಾಡುವಾಗ ತಳದಲ್ಲಿ ಕೂತಿದ್ದ ರಾಡಿ ದೂರದ ದಾರಿಯ ಕುಲುಕಾಟಕ್ಕೆ ಎದ್ದು ಜೆಟ್ಟಿಗೆ ಅಡರುತ್ತದೆ. ಅಂದರೆ ಕಾರು ನಮಗೆ ಕೈಕೊಡಲಿಲ್ಲ. ನಾಲ್ಕು ಸಲ ಕೂಗಿ ಹೇಳಿತು, ನಾವು ಕೇಳಲಿಲ್ಲ.

ತೋಟದಲ್ಲಿ ನಾವು ಇಷ್ಟು ದಡ್ಡರಲ್ಲ. ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡದ ಎಲೆ ಹಳದಿಯಾಯಿತೆಂದು ಎಲೆಗೆ ಔಷಧಿ ಹೊಡೆದು ಸುಮ್ಮನಾಗುವವರುಂಟೇ? ಕಾಂಡ ನೋಡುತ್ತೇವೆ, ಗಿಡ ಕಿತ್ತು ಸುಡುತ್ತೇವೆ. ಕೊಳೆ ಬೀಳುವ ತನಕ ಕಾಯದೆ ಮುಂಗಾರಿಗೆ ಮುನ್ನವೇ ಬೋರ್ಡೋ ಹೊಡೆಯುತ್ತೇವೆ. ಅದೇ ಬುದ್ಧಿ ಶೆಡ್ಡಿನಲ್ಲಿ ನಿಂತ ಯಂತ್ರದ ವಿಷಯದಲ್ಲಿ ಎಲ್ಲಿ ಹೋಗುತ್ತದೋ!

ಇದು ನಮ್ಮ ಮನೆಯೊಂದರ ಕಥೆಯೂ ಅಲ್ಲ. ಆ ಮೇಸ್ತ್ರಿ ಹೂಳಿನ ಮಾತಾಡಿದರಲ್ಲ, ಅವರ ಹೊಲಗಳಿಗೆ ನೀರುಣಿಸುವ ತುಂಗಭದ್ರಾ ಜಲಾಶಯದಲ್ಲಿ 1953ರಲ್ಲಿ 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105 ಟಿಎಂಸಿಯ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಅಲ್ಲಿನ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಅಣೆಕಟ್ಟೆಯ ನೀರು ಹೊಳೆಗೆ ಹರಿಯುವುದನ್ನು ಸಿಂಧನೂರು, ಮಸ್ಕಿಯ ರೈತರು ನೋಡಬೇಕಾಯಿತು. ಒಂದು ವಾರದೊಳಗೆ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸಿದ್ದು ಮೆಚ್ಚತಕ್ಕ ಕೆಲಸ. ಆದರೂ ದೊಡ್ಡದಿರಲಿ ಸಣ್ಣದಿರಲಿ, ಕೆಟ್ಟ ಮೇಲೆ ಓಡುವುದಕ್ಕಿಂತ ಕೆಡುವ ಮುನ್ನ ನೋಡುವುದೇ ಅಗ್ಗ.

ಈಗ ಕಾರ್ಬ್ಯುರೇಟರಿನ ಕಾರುಗಳು ವಿರಳ. ಆದರೆ ನೀರಿನ ತೊಂದರೆ ಹೋಗಿಲ್ಲ. ಇಂದಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ತೇವವನ್ನು ಎಳೆದುಕೊಳ್ಳುವಂಥದು. ಮಳೆಗಾಲವಿಡೀ ನಿಲ್ಲುವ ಹಳೆಯ ಕಾರು, ಜೀಪು, ಪೆಟ್ರೋಲ್ ಸ್ಪ್ರೇಯರು, ಕಳೆ ಕೊಚ್ಚುವ ಯಂತ್ರ ಇವುಗಳಿಗೆ ಇದರಿಂದ ತೊಂದರೆ ಹೆಚ್ಚು. ಹಳೆಯ ರಬ್ಬರ್ ಕೊಳವೆ, ವಾಷರುಗಳನ್ನೂ ನೋಡಿಸಬೇಕು.

ನಮ್ಮ ಸಲಹೆ ಇಷ್ಟೇ. ಮಳೆಗೆ ಮುನ್ನ ಕಾರಿನ ಟ್ಯಾಂಕು ಪೂರ್ತಿ ತುಂಬಿಸಿಡಿ. ಸಣ್ಣ ಯಂತ್ರಗಳದ್ದಾದರೆ ಪೂರ್ತಿ ಖಾಲಿ ಮಾಡಿಡಿ. ವಾರಕ್ಕೊಮ್ಮೆ ಕಾರನ್ನು ನಾಲ್ಕು ಮೈಲಿಯಾದರೂ ಓಡಿಸಿ. ತೋಟದ ಲೆಕ್ಕದ ಪುಸ್ತಕದಲ್ಲಿ ಕಾರಿಗೂ ಒಂದು ಹಾಳೆ ಇರಲಿ: ತಾರೀಖು, ಏನು ಕೆಟ್ಟಿತು, ಏನು ಹಾಕಿದರು, ಎಷ್ಟಾಯಿತು. ಒಂದೇ ತಕರಾರು ಮೂರನೆಯ ಸಲ ಬಂದರೆ ಬಿಡಿಭಾಗದ ದುಡ್ಡು ಕೊಡುವ ಮುನ್ನ “ಇದು ಯಾಕೆ ಕೆಡುತ್ತಿದೆ?” ಎಂದು ಕೇಳಿ. ವರ್ಷದ ರಿಪೇರಿ ಖರ್ಚು ಬಾಡಿಗೆ ಕಾರಿನ ಖರ್ಚನ್ನು ಮೀರಿತೆಂದರೆ ವ್ಯಾಮೋಹ ಬಿಟ್ಟು ಮಾರಿ.

ಇನ್ನೊಂದು ಮಾತು ನಮ್ಮ ಸಂಘಕ್ಕೆ. ಬೋರ್ಡೋಗೆ ಬೇಕಾದ ಮೈಲುತುತ್ತವನ್ನು ಹೊತ್ತಿಗೆ ಸರಿಯಾಗಿ ತರಿಸುವ ಸಂಘ, ಪ್ರತಿ ಮೇ ತಿಂಗಳಲ್ಲಿ ಒಂದು ದಿನ ಗೋದಾಮಿನ ಅಂಗಳದಲ್ಲಿ ಒಳ್ಳೆಯ ಮೇಸ್ತ್ರಿಯೊಬ್ಬರನ್ನು ಕೂರಿಸಿ ಸದಸ್ಯರ ವಾಹನ, ಪಂಪು, ಸ್ಪ್ರೇಯರುಗಳ ತಪಾಸಣೆ ಮಾಡಿಸಲಿ. ಖರ್ಚನ್ನು ಸದಸ್ಯರೇ ಹಂಚಿಕೊಳ್ಳೋಣ. ಮುಂದಿನ ಸಾಮಾನ್ಯ ಸಭೆಯಲ್ಲಿ ನಾವೇ ಈ ವಿಷಯ ಎತ್ತುತ್ತೇವೆ. ಒಪ್ಪಿಗೆಯಾದವರು ಅನುಮೋದಿಸಬೇಕಾಗಿ ವಿನಂತಿ.