ವಿಮಾನ ಚಾಲಕರ ಹನ್ನೆರಡು ಗಂಟೆ, ಲಾರಿ ಚಾಲಕರ ಒಂಬತ್ತು ಗಂಟೆ

ಭಾರತದಲ್ಲಿ ವಿಮಾನ ಚಾಲಕರು ಕರ್ತವ್ಯಕ್ಕೆ ಹನ್ನೆರಡು ಗಂಟೆ ಮುಂಚಿನಿಂದಲೇ ಮದ್ಯವನ್ನು ಮುಟ್ಟುವಂತಿಲ್ಲ. ರಕ್ತದಲ್ಲಿ ಇಂತಿಷ್ಟಿದ್ದರೆ ಅಡ್ಡಿಯಿಲ್ಲ ಎಂಬ ರಿಯಾಯಿತಿಯೂ ಇಲ್ಲ. ಹಾರುವ ಮುನ್ನ ನಡೆಯುವ ಉಸಿರಿನ ಪರೀಕ್ಷೆಯಲ್ಲಿ ಸೊನ್ನೆಯೇ ಬರಬೇಕು. ಮೊದಲ ಸಲ ಸಿಕ್ಕಿಬಿದ್ದವರ ಪರವಾನಗಿ ಮೂರು ತಿಂಗಳು, ಎರಡನೆಯ ಸಲ ಮೂರು ವರ್ಷ ಅಮಾನತಾಗುತ್ತದೆ. ಮೂರನೆಯ ಸಲ ರದ್ದಾಗುತ್ತದೆ. 2018ರ ನವೆಂಬರಿನಲ್ಲಿ ಏರ್ ಇಂಡಿಯಾದ ಕಾರ್ಯಾಚರಣಾ ನಿರ್ದೇಶಕರೇ ಲಂಡನ್ ವಿಮಾನಕ್ಕೆ ಮುಂಚಿನ ಪರೀಕ್ಷೆಯಲ್ಲಿ ವಿಫಲರಾಗಿ ಮೂರು ವರ್ಷದ ಅಮಾನತಿಗೆ ಒಳಗಾದರು. ಹುದ್ದೆ ನೋಡಿ ನಿಯಮ ಸಡಿಲವಾಗಲಿಲ್ಲ.

ವಿಮಾನ ನಿಲ್ದಾಣವೇ ಇಲ್ಲದ ಚಾಮರಾಜನಗರ ಜಿಲ್ಲೆಯ ವರ್ತಕರಿಗೆ ಇದರಿಂದ ಏನಾಗಬೇಕು ಎಂಬ ಪ್ರಶ್ನೆ ಸಹಜ. ಉತ್ತರ ಗುಂಡ್ಲುಪೇಟೆಯಾಚೆಯ ಕಾಡಿನ ಗೇಟಿನಲ್ಲಿದೆ. ಬಂಡೀಪುರದ ಮೂಲಕ ಹಾದುಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಸಂಚಾರ ನಿಷೇಧ 2009ರಲ್ಲಿ ಆರಂಭವಾಯಿತು. ಮದ್ದೂರು ಅಥವಾ ಮೇಲುಕಾಮನಹಳ್ಳಿಯ ಗೇಟು ತಪ್ಪಿಸಿಕೊಂಡ ತರಕಾರಿ, ಬಾಳೆಯ ಲಾರಿಗೆ ಒಂಬತ್ತು ಗಂಟೆಗಳ ಬಲವಂತದ ವಿರಾಮ. ಊಟ ಮುಗಿಸಿದ ಚಾಲಕನಿಗೆ ಮಲಗಲು ಕ್ಯಾಬಿನ್ನು, ಹೊತ್ತು ಕಳೆಯಲು ಬಾಟಲಿ. ದೂರುವುದು ಸುಲಭ, ಆತನಿಗೆ ಬೇರೇನನ್ನು ಒದಗಿಸಲಾಗಿದೆ?

ಲೆಕ್ಕದಲ್ಲಿ ನುರಿತ ವರ್ತಕರಿಗೆ ಈ ಲೆಕ್ಕ ಕಠಿಣವಲ್ಲ. ಮೋಟಾರು ವಾಹನ ಕಾಯಿದೆಯ 185ನೆಯ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಅಪರಾಧ. ದೇಹವು ಗಂಟೆಗೆ ಸುಮಾರು 15 ಮಿಲಿಗ್ರಾಮಿನಷ್ಟನ್ನು ಮಾತ್ರ ಕರಗಿಸುತ್ತದೆ; ಚಹಾ, ನಿಂಬೆರಸ, ತಣ್ಣೀರ ಸ್ನಾನ ಯಾವುದೂ ಅದನ್ನು ಅವಸರಿಸದು. ರಾತ್ರಿ 11ಕ್ಕೆ ಲೋಟ ಕೆಳಗಿಟ್ಟಾಗ 150 ಇದ್ದರೆ, ಬೆಳಿಗ್ಗೆ 6ಕ್ಕೆ ಇನ್ನೂ 45 ಉಳಿದಿರುತ್ತದೆ. "ರಾತ್ರಿ ಕುಡಿದದ್ದು, ಇಳಿದಿದೆ" ಎನ್ನುವ ಚಾಲಕ ಸುಳ್ಳು ಹೇಳುತ್ತಿರುವುದಿಲ್ಲ. ಆತನಿಗೆ ಹಾಗೆಯೇ ಅನಿಸುತ್ತದೆ. ಗೇಟು ತೆರೆದೊಡನೆ ಆತ ಆನೆ, ಜಿಂಕೆಗಳು ದಾಟುವ ರಸ್ತೆಗೆ, ಅನಂತರ ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವುಗಳಿಗೆ ಇಳಿಯುತ್ತಾನೆ. ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಹೋಗುವವರಿಗೆ ದಿಂಬಂನ ಇಪ್ಪತ್ತೇಳು ತಿರುವುಗಳಿವೆ.

2019ರ ತಿದ್ದುಪಡಿಯ ನಂತರ ಮೊದಲ ಅಪರಾಧಕ್ಕೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಆದರೆ ಮಾಲೀಕರನ್ನು ನಿಜವಾಗಿ ತಟ್ಟುವುದು ವಿಮೆ. ಚಾಲಕ ಮದ್ಯದ ಅಮಲಿನಲ್ಲಿದ್ದರೆ ವಾಹನಕ್ಕಾದ ಹಾನಿಯನ್ನು ಭರಿಸಲಾಗದೆಂದು ಪಾಲಿಸಿಯ ಷರತ್ತಿನಲ್ಲೇ ಇರುತ್ತದೆ. ಕಂಪನಿಯೊಂದರ ಕಾರಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ಉಸಿರಿನ ಪರೀಕ್ಷೆ ನಡೆದಿರದಿದ್ದರೂ ಇತರ ಸಾಕ್ಷ್ಯಗಳ ಆಧಾರದಲ್ಲಿ ವಿಮಾ ಸಂಸ್ಥೆಯು ಆ ಷರತ್ತನ್ನು ಮುಂದಿಡಬಹುದೆಂದು ಹೇಳಿತು. ಪೊಲೀಸರು ಪರೀಕ್ಷಿಸಿರಲಿಲ್ಲ ಎಂಬ ಸಮಾಧಾನಕ್ಕೆ ಇನ್ನು ಬೆಲೆ ಕಡಿಮೆ.

ಹೆದ್ದಾರಿಯ ಬದಿಯಿಂದ ಮದ್ಯದಂಗಡಿಗಳನ್ನು 500 ಮೀಟರ್ ದೂರವಿಡಬೇಕೆಂಬ 2016ರ ತೀರ್ಪು ಮರುವರ್ಷವೇ ನಗರಸಭೆ, ಪುರಸಭೆಗಳ ವ್ಯಾಪ್ತಿಯ ಮಟ್ಟಿಗೆ ಸಡಿಲಗೊಂಡಿತು. ಅಂಗಡಿಯ ದೂರವನ್ನು ಅಳೆಯುತ್ತ ಕುಳಿತರೆ ಆಗದು. ಕ್ರಮ ಸರಕು ಕಳುಹಿಸುವವರಿಂದಲೇ ಆಗಬೇಕು. ತಂಗಿದ ರಾತ್ರಿಗೆ ಪ್ರತ್ಯೇಕ ಬಾಟಾ, ಮಲಗಲು ಶುಚಿಯಾದ ಜಾಗ, "ಇಂದು ಎರಡು ಗಂಟೆ ತಡವಾಗಿ ಹೊರಡುತ್ತೇನೆ" ಎಂದು ಒಪ್ಪಿಕೊಂಡ ಚಾಲಕನ ಬಾಡಿಗೆಯನ್ನು ಕಡಿತಗೊಳಿಸದಿರುವುದು, ಇವು ಬಾಡಿಗೆಯ ಕರಾರಿನಲ್ಲೇ ಬರಬೇಕು. ತಡವಾದರೆ ದರ ಬಿದ್ದೀತೆಂಬ ಆತಂಕ ನಿಜ. ಮೊದಲು ತಲುಪಿದ ಲೋಡಿಗೆ ಬಹುಮಾನ ಕೊಟ್ಟು, ಚಾಲಕನಿಂದ ಸತ್ಯವನ್ನೂ ನಿರೀಕ್ಷಿಸುವುದು ಮಾತ್ರ ಎರಡು ದೋಣಿಯಲ್ಲಿ ಕಾಲಿಟ್ಟಂತೆ. ಚಾಲಕರೇ ಸಿಗದ ಕಾಲದಲ್ಲಿ ಪರೀಕ್ಷೆಯೆಂದರೆ ಇರುವವರೂ ಬಿಟ್ಟುಹೋಗುವರೆಂಬ ಮಾತಿದೆ. ಒಬ್ಬ ಮಾಲೀಕನಷ್ಟೇ ಕೇಳಿದರೆ ಹೌದು. ಎಲ್ಲರೂ ಒಟ್ಟಾಗಿ ಕೇಳಿದರೆ ಆತ ಹೋಗುವುದೆಲ್ಲಿಗೆ?

ವಾಣಿಜ್ಯ ಸಂಸ್ಥೆಯು ಗೇಟಿನ ಬಳಿ ಲಾರಿಗಳು ತಂಗುವಲ್ಲಿ ಉಸಿರು ಪರೀಕ್ಷಿಸುವ ಯಂತ್ರವೊಂದನ್ನಿಟ್ಟು, ಬೆಳಿಗ್ಗೆ ಐದೂವರೆಗೆ ಒಬ್ಬ ಗುಮಾಸ್ತನನ್ನು ಕೂರಿಸಬಹುದು. ಯಂತ್ರದ ಅಳತೆಯನ್ನು ಮಂಡಿಯ ತಕ್ಕಡಿಯಂತೆಯೇ ಕಾಲಕಾಲಕ್ಕೆ ಪರೀಕ್ಷಿಸಿ ಸರಿಪಡಿಸಬೇಕಾಗುತ್ತದೆ.